ಕಾಡ್ ಮೀನಿಗೆ ರಬ್ಬರ್ ಲ್ಯೂರ್: ಬಣ್ಣಕ್ಕಿಂತ ಮೊದಲು ತೂಕ ನೋಡಿ

ನೀವು ಕೇಳಿದ್ದು ಇಷ್ಟು: ನಾರ್ವೆಯ ಟ್ರೊಮ್ಸೊಗೆ ಹೊಸದಾಗಿ ಬಂದಿದ್ದೀರಿ, ಗೆಳೆಯರ ಹದಿನೈದು ಅಡಿ ದೋಣಿ ಸಿಗುತ್ತದೆ, ಪೆಟ್ಟಿಗೆ ತುಂಬ ಬಣ್ಣಬಣ್ಣದ ರಬ್ಬರ್ ಮೀನು, ಅಂದರೆ ಗಾಳಕ್ಕೆ ಹಾಕುವ ನಕಲಿ ಎರೆ (ಲ್ಯೂರ್), ಕೊಂಡಿಟ್ಟಿದ್ದೀರಿ. ಆದರೆ ಗಾಳಕ್ಕೆ ಬೀಳುವುದೆಲ್ಲ ಸೇಯ್ ಅನ್ನುವ ಗೇಣುದ್ದದ ಮೀನು. ಕಾಡ್ ಬೇಕಾದರೆ ಯಾವ ಬಣ್ಣ ಹಾಕಬೇಕು?

ಬಣ್ಣದ ಮಾತು ಆಮೇಲೆ. ಬರೀ ಸೇಯ್ ಸಿಗುತ್ತಿದೆ ಅಂದರೆ ನಿಮ್ಮ ಲ್ಯೂರ್ ತಳ ಮುಟ್ಟುತ್ತಿಲ್ಲ, ಅಥವಾ ಮುಟ್ಟಿದ್ದು ನಿಮ್ಮ ಕೈಗೆ ತಿಳಿಯುತ್ತಿಲ್ಲ. ನಾನು ಮಲ್ಪೆ ಕಡೆಯವನು, ಈಗ ಇಲ್ಲೇ ಕ್ವಾಲೊಯ ದ್ವೀಪದಲ್ಲಿ ವಾಸ. ಇಲ್ಲಿ ನನ್ನ ಜೊತೆ ದೋಣಿ ಹತ್ತಿದ ಹೊಸಬರೆಲ್ಲ ಮೊದಲು ಕೇಳುವುದು ಬಣ್ಣವನ್ನೇ. ತೂಕ ಎಷ್ಟು ಅಂತ ಯಾರೂ ಕೇಳುವುದಿಲ್ಲ.

ಸೇಯ್ ನಡುನೀರಿನಲ್ಲಿ ಗುಂಪು ಕಟ್ಟಿಕೊಂಡು ತಿರುಗುವ ಮೀನು. ಕಾಡ್ ಹೆಚ್ಚಾಗಿ ಅದರ ಕೆಳಗೆ, ತಳಕ್ಕೆ ಅಂಟಿಕೊಂಡ ಹಾಗೆ ಇರುತ್ತದೆ. ಅದರ ಗದ್ದದ ಕೆಳಗೆ ಒಂದೇ ಒಂದು ಮೀಸೆ ಇರುತ್ತದೆ, ಗಮನಿಸಿ. ತಳ ತಡಕಿ ಏಡಿ ಗೀಡಿ ತಿನ್ನುವ ಮೀನಿಗೆ ಬೇಕಾದ ಸಾಧನ ಅದು. ಹಗುರವಾದ ಜಿಗ್ ಹೆಡ್ (ಲ್ಯೂರಿನ ತಲೆಗೆ ಹಾಕುವ, ಕೊಕ್ಕೆ ಇರುವ ಲೋಹದ ಗುಂಡು) ಹಾಕಿದರೆ ಲ್ಯೂರ್ ನಿಧಾನವಾಗಿ ಇಳಿಯುತ್ತದೆ, ದಾರಿಯಲ್ಲೇ ಸೇಯ್ ಮರಿಗಳು ಕಚ್ಚಿಬಿಡುತ್ತವೆ. ಕಾಡ್ ಇರುವ ಜಾಗಕ್ಕೆ ಅದು ಹೋಗುವುದೇ ಇಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ದೋಣಿ 1 ನಾಟ್ ವೇಗದಲ್ಲಿ ತೇಲುತ್ತಿದೆ ಅಂದರೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಸರಿಯುತ್ತಿದೆ. ಆಳ 40 ಮೀಟರ್ ಇದ್ದು, ಲ್ಯೂರ್ ಸೆಕೆಂಡಿಗೆ ಒಂದು ಮೀಟರಿನಂತೆ ಇಳಿದರೂ ತಳ ಸೇರುವುದಕ್ಕೆ 40 ಸೆಕೆಂಡು ಬೇಕು. ಅಷ್ಟರಲ್ಲಿ ದೋಣಿ 20 ಮೀಟರ್ ಮುಂದೆ. ಗಾಳಿ ತಳ್ಳಿಕೊಂಡು ಹೋಗುತ್ತಿದ್ದರೆ ದಾರ ಓರೆಯಾಗುತ್ತದೆ, ನೀರಿನ ಒತ್ತಡಕ್ಕೆ ಬಿಲ್ಲಿನಂತೆ ಬಾಗುತ್ತದೆ, ರೀಲು ಸುತ್ತಿದಷ್ಟೂ ಲ್ಯೂರ್ ಮೇಲೇಳುತ್ತದೆ. ತಳದಲ್ಲಿ ಆಡಿಸುತ್ತಿದ್ದೇನೆ ಅಂತ ನೀವು ಅಂದುಕೊಂಡಿರುತ್ತೀರಿ. ಅದು ಹತ್ತು ಮೀಟರ್ ಮೇಲೆ ಸೇಯ್‌ಗಳ ನಡುವೆ ಇರುತ್ತದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ದೋಣಿಯನ್ನು ಒಯ್ಯುತ್ತಿರುವುದು ಗಾಳಿಯೋ, ನೀರಿನ ಹರಿವೋ? ಬರೀ ಹರಿವಾದರೆ ದೋಣಿ, ದಾರ, ಲ್ಯೂರ್ ಎಲ್ಲ ನೀರಿನ ಜೊತೆಗೇ ಸಾಗುತ್ತವೆ. ದಾರ ಹೆಚ್ಚುಕಮ್ಮಿ ನೆಟ್ಟಗೆ ಇರುತ್ತದೆ, ಕೆಳಗಿನ ಬಂಡೆಗಳು ಮಾತ್ರ ಸರಿದುಹೋಗುತ್ತವೆ. ಗಾಳಿಯಾದರೆ ದೋಣಿ ನೀರಿನ ಮೇಲೆ ಜಾರುತ್ತದೆ, ದಾರ ಓರೆ ಬೀಳುವುದು ಆಗಲೇ. ಡ್ರಿಫ್ಟ್ ಆಂಕರ್ ಅಂತ ಬಟ್ಟೆಯ ಕೊಡೆ ಥರದ್ದು ಅಂಗಡಿಗಳಲ್ಲಿ ಸಿಗುತ್ತದೆ, ಮುಂಭಾಗದಲ್ಲಿ ಕಟ್ಟಿ ನೀರಿಗೆ ಬಿಡುವುದು. ಅದು ಕೆಲಸಕ್ಕೆ ಬರುವುದು ಗಾಳಿ ತಳ್ಳುವಾಗ ಮಾತ್ರ. ಹರಿವಿನ ಮುಂದೆ ಅದರ ಆಟ ನಡೆಯುವುದಿಲ್ಲ, ಕೊಡೆಯೂ ನೀರಿನ ಜೊತೆಗೇ ಹೋಗುತ್ತದೆ. ಸಣ್ಣ ದೋಣಿಗೆ ಇದು ರಬ್ಬರ್ ಮೀನಿಗಿಂತ ಮುಖ್ಯವಾದ ಖರೀದಿ ಅಂತ ನನ್ನ ಅಭಿಪ್ರಾಯ.

ತೂಕಕ್ಕೆ ಬಂದರೆ, 20 ಮೀಟರ್ ಆಳಕ್ಕೆ ಗಾಳಿ ಇಲ್ಲದಿದ್ದರೆ 40 ಗ್ರಾಂ ಸಾಕು. 40 ಮೀಟರಿಗೆ 80ರಿಂದ 100. ಗಾಳಿ ಜಾಸ್ತಿಯಾದರೆ ಇನ್ನೂ ಮೇಲೆ. ಹಗುರವಾದಷ್ಟೂ ಲ್ಯೂರ್ ಚೆನ್ನಾಗಿ ಈಜುತ್ತದೆ ಅನ್ನುವುದು ನಿಜ. ಹಾಗಾಗಿ ತಳ ತಿಳಿಯುವಷ್ಟು ಮಾತ್ರ ಭಾರ ಹಾಕಿ, ಅದಕ್ಕಿಂತ ಹೆಚ್ಚು ಬೇಡ. ದಾರ ತೆಳ್ಳಗಿರಲಿ: 0.15ರಿಂದ 0.18 ಮಿ.ಮೀ. ಬ್ರೇಡ್ (ಹೆಣೆದ ದಾರ), ತುದಿಗೆ ಒಂದೂವರೆ ಮೀಟರ್ 0.50 ಮಿ.ಮೀ. ಫ್ಲೋರೊಕಾರ್ಬನ್ (ಪಾರದರ್ಶಕ ಒಂಟಿ ಎಳೆ). ದಪ್ಪ ದಾರ ಹಾಕಿದರೆ ನೀರು ಅದನ್ನು ಎಳೆದು ಮೇಲೆ ಹೇಳಿದ ಲೆಕ್ಕವನ್ನೆಲ್ಲ ಕೆಡಿಸುತ್ತದೆ.

ಎಸೆಯುವುದು ದೋಣಿ ಹೋಗುತ್ತಿರುವ ದಿಕ್ಕಿಗೆ. ಹಿಂದಕ್ಕೆ ಅಲ್ಲ. ಲ್ಯೂರ್ ಇಳಿಯುವಷ್ಟರಲ್ಲಿ ದೋಣಿ ಅದರ ಮೇಲೆ ಬಂದು ನಿಲ್ಲುತ್ತದೆ, ದಾರ ನೆಟ್ಟಗಾಗುತ್ತದೆ. ಇಳಿಯುವಾಗ ದಾರವನ್ನು ಬೆರಳಿನ ಮೇಲೆ ಹಾಯಿಸಿಕೊಳ್ಳಿ. ತಳ ಮುಟ್ಟಿದಾಗ ದಾರ ಫಕ್ಕನೆ ಸಡಿಲವಾಗುತ್ತದೆ. ಕೂಡಲೇ ರೀಲು ಎರಡು ಸುತ್ತು. ಕೋಲಿನ ತುದಿಯನ್ನು ಮೊಣಕಾಲಿನ ಮಟ್ಟದಿಂದ ಎದೆಯವರೆಗೆ ನಿಧಾನವಾಗಿ ಎತ್ತಿ, ಮತ್ತೆ ಇಳಿಸಿ. ಇಳಿಸುವಾಗ ದಾರ ಪೂರ್ತಿ ಸಡಿಲ ಬಿಡಬೇಡಿ, ಲ್ಯೂರಿನ ಭಾರ ಬೆರಳಿಗೆ ಸಿಗುತ್ತಲೇ ಇರಬೇಕು. ಕಾಡ್ ಹೆಚ್ಚಿನ ಸಲ ಹಿಡಿಯುವುದು ಲ್ಯೂರ್ ಬೀಳುವಾಗ. ‘ಟಕ್’ ಅಂತ ಒಂದು ಏಟು ಬಂದರೂ ಬರಬಹುದು. ಎಷ್ಟೋ ಸಲ ಬೇರೇನೂ ಆಗುವುದಿಲ್ಲ, ತಳ ಬರಬೇಕಾದ್ದಕ್ಕಿಂತ ಬೇಗ ಬಂದ ಹಾಗೆ ಅನಿಸುತ್ತದೆ, ಅಷ್ಟೇ. ಆಗ ಯೋಚನೆ ಮಾಡುತ್ತ ಕೂರಬೇಡಿ, ಎತ್ತಿ. ಭಾರವಾಗಿ ಎರಡು ಮೂರು ಸಲ ತಲೆ ಕೊಡವಿದರೆ ಕಾಡ್. ಗಿರ್ರನೆ ಪಕ್ಕಕ್ಕೆ ಓಡಿದರೆ ದೊಡ್ಡ ಸೇಯ್ ಇರಬಹುದು, ಅದೂ ಬೇಡವೆನ್ನುವಂಥದ್ದಲ್ಲ.

ಹೊಸ ಲ್ಯೂರನ್ನು ಆಳಕ್ಕೆ ಬಿಡುವ ಮೊದಲು ದೋಣಿಯ ಪಕ್ಕದಲ್ಲೇ ಒಂದು ಮೀಟರ್ ನಿಧಾನವಾಗಿ ಎಳೆದು ನೋಡಿ. ಬಾಲ ಬಡಿಯಬೇಕು, ಮೈ ತಿರುಗಬಾರದು. ತಿರುಗಿದರೆ ಕೊಕ್ಕೆ ಸೊಟ್ಟ ಚುಚ್ಚಿದ್ದೀರಿ, ತೆಗೆದು ಬೆನ್ನಿನ ನಡುಗೆರೆಯಲ್ಲೇ ಹೊರಬರುವಂತೆ ಮತ್ತೆ ಹಾಕಿ. ತಲೆಯ ಹತ್ತಿರ ಒಂದು ಹನಿ ಸೂಪರ್ ಗ್ಲೂ ಹಾಕಿದರೆ ಜಾರುವುದಿಲ್ಲ. ಪೆಟ್ಟಿಗೆಯಲ್ಲಿ ಬಾಲ ಮಡಚಿಕೊಂಡಿದ್ದರೆ ಬಿಸಿನೀರಿನಲ್ಲಿ ಅದ್ದಿ, ನೆಟ್ಟಗಾಗುತ್ತದೆ. ಬೇರೆ ಬೇರೆ ಕಂಪನಿಯ ಮೀನುಗಳನ್ನು ಒಟ್ಟಿಗೆ ತುಂಬಬೇಡಿ, ಕೆಲವು ಒಂದಕ್ಕೊಂದು ಕರಗಿ ಅಂಟಿಕೊಳ್ಳುತ್ತವೆ. ಹರಿದದ್ದನ್ನು ಕಡಲಿಗೆ ಎಸೆಯಬೇಡಿ.

ಬಣ್ಣ? ಕೆಂಪು ಬೆಳಕು ನೀರಿನ ಮೇಲಿನ ಕೆಲವು ಮೀಟರಿನಲ್ಲೇ ಸೋರಿಹೋಗುತ್ತದೆ. 40 ಮೀಟರ್ ಕೆಳಗೆ ನಿಮ್ಮ ಕೆಂಪು ಮೀನು ಕಪ್ಪು ನೆರಳು ಅಷ್ಟೇ. ನಾನು ಇಟ್ಟುಕೊಳ್ಳುವುದು ಎರಡು: ಒಂದು ಕಡುಬಣ್ಣ, ಒಂದು ತಿಳಿ. 12 ಸೆಂ.ಮೀ. ಆಸುಪಾಸಿನ ಉದ್ದ ಸಾಕು. ಉಳಿದದ್ದು ಅಂಗಡಿಯವರಿಗೆ ಲಾಭ.

ಜಾಗಕ್ಕೆ ನಕ್ಷೆ ನೋಡಿ. ಸುತ್ತ 60 ಮೀಟರ್ ಇದ್ದು ಒಂದು ಕಡೆ 20ಕ್ಕೆ ಏರುವ ದಿಬ್ಬ ಇದ್ದರೆ, ಹರಿವು ಬಂದು ಬಡಿಯುವ ಮಗ್ಗುಲಿನಿಂದ ಶುರು ಮಾಡಿ. ದಿಬ್ಬ ದಾಟಿದ ಮೇಲೆ ಸುಮ್ನೆ ತೇಲುತ್ತ ಕೂರದೆ ಸುತ್ತು ಹಾಕಿ ಮತ್ತೆ ಅಲ್ಲಿಗೇ ಬನ್ನಿ. ಚಳಿಗಾಲದ ಕಥೆ ಬೇರೆ. ಜನವರಿಯಿಂದ ಏಪ್ರಿಲ್‌ವರೆಗೆ ಬ್ಯಾರೆಂಟ್ಸ್ ಸಮುದ್ರದಿಂದ ಮೊಟ್ಟೆ ಇಡಲು ಬರುವ ಸ್ಕ್ರೇ ಅನ್ನುವ ದೊಡ್ಡ ಕಾಡ್, ತಳ ಬಿಟ್ಟು ನಡುನೀರಿನಲ್ಲೂ ಇರುತ್ತದೆ. ಆಗ ಎಕೋ ಸೌಂಡರ್ (ಶಬ್ದದ ಅಲೆಯಿಂದ ಆಳ, ಮೀನು ತೋರಿಸುವ ಯಂತ್ರ) ತೋರಿಸಿದ ಆಳಕ್ಕೆ ಬಿಡಿ. ಲೊಫೊಟೆನ್ ಕಡೆ ಮರದ ಚೌಕಟ್ಟುಗಳ ಮೇಲೆ ಒಣಗಿಸುವುದು ಇದನ್ನೇ.

ಮರಿ ಕಾಡ್‌ಗಳೇ ಬರುತ್ತಿದ್ದರೆ ಜಾಗ ಬದಲಿಸಿ. 30 ಮೀಟರಿನಿಂದ ಮೇಲೆ ತಂದರೆ ಒತ್ತಡ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಅದರ ಹೊಟ್ಟೆಯ ಗಾಳಿಚೀಲ ಉಬ್ಬುತ್ತದೆ. ವಾಪಸ್ ಬಿಟ್ಟದ್ದೆಲ್ಲ ಬದುಕುವುದಿಲ್ಲ. ಎಷ್ಟು ಉದ್ದಕ್ಕಿಂತ ಚಿಕ್ಕದು ಹಿಡಿಯಬಾರದು ಅನ್ನುವುದನ್ನು ಮೀನುಗಾರಿಕೆ ನಿರ್ದೇಶನಾಲಯದ ಜಾಲತಾಣದಲ್ಲಿ ನೋಡಿಕೊಂಡು ಹೊರಡಿ, ನಿಯಮ ಬದಲಾಗುತ್ತಿರುತ್ತದೆ. ಮುಂದೆ ಆಸ್ಲೊ ಕಡೆ ಹೋದರೆ ಎಚ್ಚರ: ಟೆಲೆಮಾರ್ಕ್‌ನಿಂದ ಸ್ವೀಡನ್ ಗಡಿಯವರೆಗೆ 2019ರಿಂದ ಕಾಡ್ ಹಿಡಿಯುವುದೇ ನಿಷೇಧ. ಇನ್ನು 8 ಮೀಟರಿಗಿಂತ ಚಿಕ್ಕ ದೋಣಿ ಸಾಗುತ್ತಿರುವಾಗ ಲೈಫ್ ಜಾಕೆಟ್ ಹಾಕಿಕೊಂಡಿರಲೇಬೇಕು, ಕಾನೂನು. 1980ರಿಂದ ಈಚೆಗೆ ಹುಟ್ಟಿದವರಾದರೆ 25 ಅಶ್ವಶಕ್ತಿಗಿಂತ ದೊಡ್ಡ ಎಂಜಿನ್ನಿಗೆ ಪ್ರಮಾಣಪತ್ರವೂ ಬೇಕು. ಗೆಳೆಯರ ಎಂಜಿನ್ ಎಷ್ಟರದ್ದು ಅಂತ ಕೇಳಿಕೊಳ್ಳಿ.

ಸಿಕ್ಕಿದ ಮೀನಿನ ಕುತ್ತಿಗೆ ಕೂಡಲೇ ಕೊಯ್ದು, ಕಡಲ ನೀರಿನ ಬಕೆಟ್ಟಿನಲ್ಲಿ ರಕ್ತ ಬಸಿಯಲು ಬಿಡಿ. ಮಾಂಸ ಬೆಳ್ಳಗೆ ಉಳಿಯುತ್ತದೆ. ಅಡುಗೆಯಲ್ಲಿ ಇದು ಅಂಜಲ್ ಅಲ್ಲ, ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಗಂಟೆ ಉಪ್ಪು ಹಚ್ಚಿಟ್ಟರೆ ಗಟ್ಟಿಯಾಗುತ್ತದೆ, ರವೆ ಫ್ರೈಗೆ ಆಗುತ್ತದೆ. ಸಾರಿಗಾದರೆ ಮಸಾಲೆ ಪೂರ್ತಿ ಕುದಿದ ಮೇಲೆ ತುಂಡು ಹಾಕಿ ಐದು ನಿಮಿಷಕ್ಕೆ ಒಲೆ ಆರಿಸಿ. ಸೌಟು ಹಾಕಿ ತಿರುವಬೇಡಿ, ಪಾತ್ರೆಯನ್ನೇ ಹಿಡಿದು ಅಲುಗಾಡಿಸಿ.