ಏಳು ಡಿಸ್ಕ್ ಇದ್ದರೂ ನಿದ್ದೆಯಿಲ್ಲ

ಫೋಟೋ ಕಳೆದುಹೋದೀತೆಂಬ ಭಯ ಹೊತ್ತು ಬರುವವರಿಗೆ ‘ಯೋಚನೆ ಬಿಡಿ’ ಎಂದು ಹೇಳಿ ಕಳಿಸುವ ರೂಢಿ ಆಪ್ತಸಲಹೆಗಾರರಲ್ಲಿದೆ. ಆ ಮಾತು ಸಾಲದು ಅನ್ನಿಸಿದ್ದರಿಂದ ಈ ಪ್ರಕರಣ. ಗುರುತಿನ ವಿವರಗಳನ್ನು ಬದಲಿಸಿದೆ.

ಆಕೆ ಮಧ್ಯವಯಸ್ಸಿನವರು. ತಂದೆ ತೀರಿಕೊಂಡ ವರ್ಷ ಫೋನಿನಲ್ಲಿ ಜಾಗ ಸಾಲದೆ ಹಳೆಯ ಚಿತ್ರಗಳನ್ನು ಅಳಿಸಿದ್ದರು, ಕ್ಲೌಡ್‌ನಲ್ಲಿ ಹೇಗೂ ಇವೆಯಲ್ಲ ಎಂಬ ಧೈರ್ಯದಲ್ಲಿ. ಅದು ಸಿಂಕ್, ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯಿತು. ಗೊತ್ತಾಗುವಷ್ಟರಲ್ಲಿ, ಅಳಿಸಿದ್ದನ್ನು ಕೆಲವು ದಿನ ಇಟ್ಟುಕೊಳ್ಳುವ ಕಸದಬುಟ್ಟಿಯ ಗಡುವೂ ಮುಗಿದಿತ್ತು. (ಐಕ್ಲೌಡ್‌ನಲ್ಲಿ ಆ ಗಡುವು 30 ದಿನ, ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದ ಚಿತ್ರಕ್ಕೆ 60.) ಆಮೇಲೆ ಡಿಸ್ಕ್ ಮೇಲೆ ಡಿಸ್ಕ್ ಕೊಂಡರು. ಏಳಾದವು. ರಾತ್ರಿ ಎದ್ದು ಫೋಲ್ಡರ್ ತೆರೆದು ನೋಡುವುದು ನಿತ್ಯದ ಕೆಲಸವಾಯಿತು.

ಮೂರನೆಯ ಭೇಟಿಯಲ್ಲಿ, ಪರೀಕ್ಷಿಸುವುದೆಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. “ಒಂದಿಪ್ಪತ್ತು ಚಿತ್ರ ತೆರೆಯುತ್ತೇನೆ. ಸರಿಯಾಗಿಯೇ ಇರುತ್ತವೆ. ತೆರೆಯದೆ ಉಳಿದವುಗಳ ಗತಿ?” ಎಂದರು.

ಪದೇಪದೇ ಪರೀಕ್ಷಿಸುವವರಿಗೆ ಪರೀಕ್ಷೆ ಕಡಿಮೆ ಮಾಡಿಸುವುದು ವಾಡಿಕೆ. ಆದರೆ ಈ ಪ್ರಶ್ನೆಯಲ್ಲಿ ನ್ಯಾಯವಿತ್ತು. ಲಕ್ಷ ಫೈಲ್‌ಗಳಲ್ಲಿ ಇಪ್ಪತ್ತನ್ನು ಕಣ್ಣಿಂದ ನೋಡಿದರೆ ಏನೂ ತೀರ್ಮಾನವಾಗದು. ಫೈಲ್ ಕೆಟ್ಟಿದ್ದರೂ ಥಂಬ್‌ನೇಲ್ ಎಂಬ ಅದರ ಪುಟ್ಟ ಚಿತ್ರ ಚೆನ್ನಾಗಿಯೇ ಕಾಣಬಹುದು. ಉತ್ತರ ಕೊಡಬಲ್ಲದ್ದು ಚೆಕ್‌ಸಮ್, ಅಂದರೆ ಫೈಲ್‌ನ ಒಳಗಿರುವುದರಿಂದಲೇ ಲೆಕ್ಕಹಾಕಿ ಪಡೆಯುವ ಗುರುತು. ಅದರ ಒಂದು ಬಗೆಯಾದ ಎಸ್‌ಎಚ್‌ಎ-256 ಲೆಕ್ಕ ಪ್ರತಿ ಫೈಲ್ ಅನ್ನೂ ಪೂರ್ತಿ ಓದಿ 64 ಅಕ್ಷರಗಳ ಒಂದು ಗುರುತು ಕೊಡುತ್ತದೆ. ಒಂದೇ ಒಂದು ಬಿಟ್ ಬದಲಾದರೂ ಆ ಗುರುತೇ ಬೇರೆ. ಕಣ್ಣಿಂದ ಮಾಡುವ ಪರೀಕ್ಷೆಗೆ ಕೊನೆಯಿಲ್ಲ, ಇದಕ್ಕಿದೆ.

ಸಲಹೆ ಹೀಗಿತ್ತು. ಏಳೂ ಡಿಸ್ಕ್‌ಗಳಲ್ಲಿ ಏನನ್ನೂ ಅಳಿಸಬೇಡಿ. ಎಲ್ಲವೂ ಹಿಡಿಯುವಂಥ ಹೊಸ ಡಿಸ್ಕ್ ಒಂದಕ್ಕೆ, ಒಂದೊಂದು ಹಳೆಯ ಡಿಸ್ಕ್‌ಗೂ ಪ್ರತ್ಯೇಕ ಫೋಲ್ಡರ್ ಮಾಡಿ ನಕಲಿಸಿ. ಅನೇಕ ಕ್ಯಾಮೆರಾಗಳ ಎಣಿಕೆ 9999 ದಾಟಿದ ಮೇಲೆ ಮತ್ತೆ ಮೊದಲಿಂದ ಶುರುವಾಗುತ್ತದೆ, ಹಾಗಾಗಿ ಒಂದೇ ಹೆಸರಿನ ಬೇರೆಬೇರೆ ಚಿತ್ರಗಳು ಒಂದರ ಮೇಲೊಂದು ಬರೆದುಕೊಂಡು ಹೋಗುವುದುಂಟು. ಬಳಿಕ ಚೆಕ್‌ಸಮ್ ಪಟ್ಟಿ ಮಾಡಿ, ಹೊಸ ಡಿಸ್ಕ್‌ನಲ್ಲಿ ಗುರುತು ಪೂರ್ತಿ ಹೊಂದುವವುಗಳಲ್ಲಿ ಒಂದನ್ನು ಉಳಿಸಿ ಮಿಕ್ಕ ನಕಲುಗಳನ್ನಷ್ಟೇ ಅಳಿಸಿ. ವಾಟ್ಸ್ಯಾಪ್‌ನಲ್ಲಿ ಬಂದ ಪ್ರತಿ ಸಾಮಾನ್ಯವಾಗಿ ಕುಗ್ಗಿರುತ್ತದೆ, ತೆಗೆದ ದಿನಾಂಕವೂ ಹೋಗಿರುತ್ತದೆ, ಗುರುತು ಹೊಂದುವುದಿಲ್ಲ. ಅದು ಇದ್ದರೆ ಇರಲಿ. ಒಂದೇ ಹೆಸರು, ಒಂದೇ ದಿನಾಂಕ, ಗುರುತು ಮಾತ್ರ ಬೇರೆ ಎಂದಾದರೆ ಎರಡನ್ನೂ ತೆರೆದು ನೋಡಿ. ಪಟ್ಟಿ ಮಾಡುವ ಮೊದಲೇ ಕೆಟ್ಟಿದ್ದ ಫೈಲ್ ಅನ್ನು ಚೆಕ್‌ಸಮ್ ಹಿಡಿಯದು. ಹಳೆಯ ಡಿಸ್ಕ್‌ಗಳನ್ನು ಉಳಿಸಿಕೊಳ್ಳಿ ಎಂದದ್ದು ಅದಕ್ಕೇ.

ಎರಡನೆಯ ಪ್ರತಿ ಇನ್ನೊಂದು ಡಿಸ್ಕ್‌ನಲ್ಲಿ, ಕೆಲಸ ಮುಗಿದೊಡನೆ ಕೇಬಲ್ ಕಳಚಿ. ಕಂಪ್ಯೂಟರ್‌ಗೆ ಚುಚ್ಚಿಟ್ಟ ಡಿಸ್ಕ್, ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್‌ಸಮ್‌ವೇರ್‌ಗೂ ಸಿಡಿಲಿಗೂ ಕೈತಪ್ಪಿಗೂ ಒಟ್ಟಿಗೇ ಬಲಿಯಾಗುತ್ತದೆ. ಮೂರನೆಯದು ಪಾಸ್‌ವರ್ಡ್ ಇಲ್ಲದೆ ತೆರೆಯದಂತೆ ಎನ್‌ಕ್ರಿಪ್ಟ್ ಆಗಿ ಬೇರೆ ಮನೆಯಲ್ಲಿರಲಿ, ಪಾಸ್‌ವರ್ಡ್ ಕಾಗದದಲ್ಲಿ, ಡಿಸ್ಕ್‌ನಿಂದ ದೂರ. ಮೂರು ತಿಂಗಳಿಗೊಮ್ಮೆ ಪಟ್ಟಿಯೊಂದಿಗೆ ಹೋಲಿಕೆ, ಬೇರೊಂದು ಕಂಪ್ಯೂಟರ್‌ಗೆ ಒಂದು ಫೋಲ್ಡರ್ ಮರಳಿಸಿ ನೋಡುವುದು. ನಡುವೆ ಡಿಸ್ಕ್ ಮುಟ್ಟುವಂತಿಲ್ಲ.

ಇದು ಗೀಳಿಗೆ ನೀರೆರೆದಂತೆ ಎಂಬ ಆಕ್ಷೇಪ ಬಂತು. ಭಯಕ್ಕೆ ಆಧಾರವೇ ಇಲ್ಲದಿದ್ದರೆ ಒಪ್ಪುತ್ತಿದ್ದೆ. ಏಳರಲ್ಲಿ ಒಂದು ಡಿಸ್ಕ್‌ನಲ್ಲೂ ಸಂಗ್ರಹ ಪೂರ್ತಿ ಇರಲಿಲ್ಲ. ತೂತು ನಿಜವಾಗಿಯೂ ಇರುವಾಗ ಹೆದರಬೇಡಿ ಎನ್ನುವುದು ಬಾಯುಪಚಾರದ ಮಾತಷ್ಟೆ. ಎಲ್ಲ ಗುರುತೂ ಹೊಂದಿದ ಮೇಲೂ ರಾತ್ರಿ ಎದ್ದು ತೆರೆಯುವವರ ಸಂಗತಿ ಬೇರೆ, ಅವರನ್ನು ಮನೋವೈದ್ಯರ ಬಳಿ ಕಳಿಸುತ್ತೇನೆ.

ಮೊದಲ ಹೋಲಿಕೆಯಲ್ಲಿ ಮೂರು ಫೈಲ್ ಹೊಂದಲಿಲ್ಲ. ಎರಡನೆಯ ಪ್ರತಿಯಿಂದ ಅವನ್ನು ಆಕೆಯೇ ಮರಳಿ ತಂದರು. ಇನ್ನು ತಿಂಗಳಿಗೊಮ್ಮೆ ಮಾಡಲೇ ಎಂದು ಕೇಳಿದರು. ಬೇಡ ಎಂದೆ.