ದಕ್ಕೆಯಲ್ಲಿ ಸಿಗದ ಕೆಂಪು ಮೀನು

ಮಾನ್ಯರೆ,

ಮಂಗಳೂರಿನ ದಕ್ಕೆಯನ್ನು, ಅಂದರೆ ಮೀನುಗಾರಿಕೆಯ ಬಂದರುಕಟ್ಟೆಯನ್ನು, ಕುರಿತ ತಮ್ಮ ಕಥೆ ತಲುಪಿದೆ. ನಸುಕಿನ ಏಲಂನ ವರ್ಣನೆ ಸೊಗಸಾಗಿದೆ, ಸಂಭಾಷಣೆಯೂ ಸಹಜವಾಗಿದೆ. ಆದರೆ ಏಳನೆಯ ಪುಟದ ಮೂರು ವಾಕ್ಯಗಳು ಎರಡು ದಿನಗಳಿಂದ ನನ್ನನ್ನು ಬಿಡದೆ ಕಾಡುತ್ತಿರುವುದರಿಂದ ಉಳಿದದ್ದನ್ನು ಬದಿಗಿಟ್ಟು ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಬೋಟಿನ ಯಜಮಾನರು ಮಂಜುಗಡ್ಡೆಯ ಲೆಕ್ಕ ಕೇಳಿದಾಗ, ಆ ಹಣವನ್ನು ನುಂಗಿರುವ ಗುಮಾಸ್ತ ಡೀಸೆಲ್ ದರ ಏರಿದ ಮಾತೆತ್ತುತ್ತಾನೆ. ಅಲ್ಲಿ ನೀವು, ‘ಅವನು ಡೀಸೆಲ್ ಎಂಬ ಕೆಂಪು ಮೀನನ್ನು ಅವರತ್ತ ಎಸೆದನು’ ಎಂದು ಬರೆದಿದ್ದೀರಿ. ಬಂಗುಡೆ, ಬೂತಾಯಿಗಳ ಬುಟ್ಟಿಗಳ ನಡುವೆ ನಿಂತವನು ಮೀನು ಎಸೆದನೆಂದರೆ ಓದುಗನಿಗೆ ಕಾಣುವುದು ಮೀನೇ ಹೊರತು ಮೋಸವಲ್ಲ. ಗಮನವನ್ನು ಬೇರೆಡೆಗೆ ತಿರುಗಿಸುವ ವಿಷಯಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ರೆಡ್ ಹೆರಿಂಗ್’ (ಕೆಂಪು ಹೆರಿಂಗ್ ಮೀನು) ಕಡಲಿನಲ್ಲಿ ಕೆಂಪಗೆ ಈಜುವ ಮೀನೂ ಅಲ್ಲ. ನಮ್ಮ ಬೂತಾಯಿಯ ದೂರದ ನೆಂಟನಾದ ಹೆರಿಂಗನ್ನು ಉಪ್ಪು ಹಾಕಿ ಬಹಳ ಹೊತ್ತು ಹೊಗೆಯಲ್ಲಿಟ್ಟಾಗ ಅದು ಕೆಂಗಂದು ಬಣ್ಣಕ್ಕೆ ತಿರುಗಿ ಗಾಢವಾಗಿ ನಾರುತ್ತದೆ. ಮೊಲದ ಜಾಡು ಹಿಡಿದ ಬೇಟೆನಾಯಿಗಳನ್ನು ಆ ನಾತದಿಂದ ದಾರಿ ತಪ್ಪಿಸಿದ ಕಥೆಯನ್ನು ವಿಲಿಯಂ ಕಾಬೆಟ್ ಎಂಬ ಪತ್ರಕರ್ತ 1807ರಲ್ಲಿ ತನ್ನ ಪತ್ರಿಕೆಯಲ್ಲಿ ಬರೆದ ಮೇಲೆ ಈ ಮಾತು ಚೆನ್ನಾಗಿ ಹರಡಿತು.

ಎರಡನೆಯ ವಾಕ್ಯ: ‘ಯಜಮಾನರು ಆ ವಾಸನೆಯ ಬೆನ್ನು ಹತ್ತಿದರು.’ ಮರ್ಯಾದಸ್ಥರಾದ ಯಜಮಾನರನ್ನು ನೀವು ತಿಳಿಯದೆಯೇ ಬೇಟೆನಾಯಿ ಮಾಡಿಬಿಟ್ಟಿರಿ. ಮೂರನೆಯದು: ‘ಹೀಗೆ ಅವನು ಅವರಿಗೆ ಚಳ್ಳೆಹಣ್ಣು ತಿನ್ನಿಸಿದನು.’ ಮಾತು ಕನ್ನಡದ್ದೇ, ಆದರೆ ಕೂತ ಜಾಗ ತಪ್ಪು. ಚಳ್ಳೆಹಣ್ಣು ತಿನ್ನಿಸುವವನು ಕೈಗೆ ಸಿಗದೆ ಜಾರಿಕೊಳ್ಳುತ್ತಾನೆ. ನಿಮ್ಮ ಗುಮಾಸ್ತ ಕುರ್ಚಿಯಿಂದ ಕದಲಿಲ್ಲ. ಟೋಪಿ ಹಾಕಿದನೆನ್ನೋಣವೆಂದರೆ ಅದು ಹಣ ನುಂಗಿದ ದಿನವೇ ಆಗಿಹೋಗಿದೆ. ಇನ್ನು, ಡೀಸೆಲ್ ದರ ಏರಿದ್ದು ನಿಜವೇ ತಾನೆ? ಸುಳ್ಳಾಡದೆ, ಕೇಳಿದ್ದಕ್ಕೆ ಸಂಬಂಧಪಡದ ನಿಜವೊಂದನ್ನು ಮುಂದಿಟ್ಟು ವಿಷಯ ತಿರುಗಿಸುವುದು ಅವನ ಜಾಣತನ. ಆ ಸೂಕ್ಷ್ಮವನ್ನೇ ನಿಮ್ಮ ಅಲಂಕಾರ ನುಂಗಿಹಾಕಿದೆ.

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ಇದೇ ಊರಿನ ಪತ್ರಿಕೆಯೊಂದರಲ್ಲಿ ರಾತ್ರಿಪಾಳಿಯಲ್ಲಿ ಇಂಗ್ಲಿಷ್ ಸುದ್ದಿಗಳನ್ನು ಅನುವಾದಿಸುತ್ತಿದ್ದ ಕಾಲದಲ್ಲಿ ನಾನೂ ‘ಕೆಂಪು ಹೆರಿಂಗ್’ ಎಂದು ಬರೆದು ಕೊಟ್ಟಿದ್ದೆ. ಅಚ್ಚುಮೊಳೆ ಜೋಡಿಸುತ್ತಿದ್ದ ಹಿರಿಯರು ಶಾಯಿ ಮೆತ್ತಿದ ಬೆರಳಲ್ಲಿ ಹಾಳೆ ಹಿಡಿದು ಬಂದು, “ಇದು ಯಾವ ಮೀನು ಮಾರಾಯ? ದಿನಾ ದಕ್ಕೆಗೆ ಹೋಗುತ್ತೇನೆ, ಒಮ್ಮೆಯೂ ಕಂಡದ್ದಿಲ್ಲ” ಎಂದರು. ತಮಾಷೆಗಲ್ಲ, ನಿಜವಾಗಿಯೂ ಕೇಳಿದ್ದರು. ಉತ್ತರಿಸಲಾಗದೆ ನಾನು ಆ ಸಾಲನ್ನೇ ಹೊಡೆದುಹಾಕಿದೆ, ಸುದ್ದಿಗೇನೂ ಕೊರತೆಯಾಗಲಿಲ್ಲ.

ನೀವೂ ಆ ಮೂರು ವಾಕ್ಯಗಳನ್ನು ತೆಗೆಯಿರಿ. ಗುಮಾಸ್ತ ಡೀಸೆಲ್ ಬಿಲ್ಲನ್ನು ಯಜಮಾನರ ಕೈಗಿಡಲಿ. ಅವರು ಕನ್ನಡಕ ಏರಿಸಿಕೊಂಡು ಅಂಕಿಗಳನ್ನು ಓದಿ ನಿಟ್ಟುಸಿರು ಬಿಡುತ್ತಿರುವಾಗ ಮಂಜುಗಡ್ಡೆಯ ಲೆಕ್ಕದ ಪುಸ್ತಕ ಸದ್ದಿಲ್ಲದೆ ಮೇಜಿನ ಖಾನೆಯೊಳಗೆ ಸೇರಲಿ. ಅದೊಂದು ಪುಟವನ್ನು ತಿದ್ದಿ ಕಳುಹಿಸಿ, ಉಳಿದದ್ದನ್ನು ಆಮೇಲೆ ನೋಡೋಣ.

ಇತಿ,
ಸಂಪಾದಕ