ತಮ್ಮನಿಗೆ ಕಾಯದೆ ಅಮೆರಿಕದ ಟಿವಿ ಸರಣಿ ಸೂಪರ್‌ನ್ಯಾಚುರಲ್ ಕೊನೆಯ ಎಪಿಸೋಡ್ ನೋಡಿಬಿಟ್ಟೆ. ಅವನ ಜೊತೆ ಕೂತಾಗ ಮೊದಲ ಸಲ ನೋಡುವ ಹಾಗೆ ನಟಿಸಿದರೆ ಗೊತ್ತಾಗುತ್ತಾ? ಇಲ್ಲಾ ನೋಡಿ ಮುಗಿಸಿದ ಮೇಲೆ ಹೇಳಲಾ? ನಾನು ಮೊದಲೇ ನೋಡಿದ್ದು ಗೊತ್ತಾದರೆ ಅವನಿಗೆ ಮಜಾ ಹೋಗುತ್ತೆ. "ನೋಡಿದ್ಯಾ?" ಅಂತ ಅವನು ಇನ್ನೂ ಕೇಳಿಲ್ಲ.

ಗೊತ್ತಾಗುತ್ತೆ. ನಟಿಸಬೇಡಿ.

ನಿಮ್ಮದು ತಮ್ಮ, ನನ್ನದು ಅಕ್ಕ. ಅಷ್ಟೇ ವ್ಯತ್ಯಾಸ. ಎಪಿಸೋಡ್ ಕೂಡ ಅದೇ. ಇನ್ನೂ ನೋಡದವರು ಯಾರಾದರೂ ಇದನ್ನು ಓದುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ, ಮುಂದೆ ಎಲ್ಲಾ ಹೇಳಿಬಿಡುತ್ತೇನೆ.

ನಾನು, ಅಕ್ಕ ಬೇರೆ ಬೇರೆ ಊರಲ್ಲಿ ಇದ್ದುಕೊಂಡೇ ಈ ಸರಣಿ ನೋಡಿದವರು. ಫೋನ್ ಸ್ಪೀಕರಿಗೆ ಹಾಕಿ ಪಕ್ಕದಲ್ಲಿ ಇಟ್ಟುಕೊಳ್ಳೋದು, ಒಂದು ಎರಡು ಮೂರು ಅಂತ ಎಣಿಸೋದು, ಮೂರಕ್ಕೆ ಇಬ್ಬರೂ ಪ್ಲೇ ಒತ್ತೋದು. ಒಬ್ಬರದು ಒಂದು ಸೆಕೆಂಡ್ ಮುಂದೆ ಹೋದರೂ ಸಿಕ್ಕಿಬೀಳುತ್ತಿದ್ದೆವು, ಯಾಕಂದ್ರೆ ದೆವ್ವ ಬರುವ ಮೊದಲೇ ಆ ಕಡೆಯಿಂದ ಕಿರುಚಾಟ ಕೇಳುತ್ತಿತ್ತು. ಆಗ ನಿಲ್ಲಿಸಿ, ಬೈದಾಡಿಕೊಂಡು, ಮತ್ತೆ ಎಣಿಸೋದು. ದೆವ್ವ ಪಿಶಾಚಿ ಬೇಟೆಯಾಡುವ ಅಣ್ಣ ಡೀನ್, ತಮ್ಮ ಸ್ಯಾಮ್ ಕಥೆ ಇದು. ಅವಳು ಡೀನ್ ಪಾರ್ಟಿ, ನಾನು ಸ್ಯಾಮ್ ಪಾರ್ಟಿ. ಒಟ್ಟು 327 ಎಪಿಸೋಡ್ ಇದೆಯಲ್ಲ, ಅದರಲ್ಲಿ 326 ಹೀಗೇ ನೋಡಿದೆವು. ನಾವು ಶುರು ಮಾಡಿದ್ದೇ ತಡವಾಗಿ, ಆದರೆ ಕೊನೆಯ ಸೀಸನ್ ಹೊತ್ತಿಗೆ ಓಡೋಡಿ ಬಂದು ಪ್ರಸಾರದ ಜೊತೆ ಸೇರಿಕೊಂಡಿದ್ದೆವು.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶೂಟಿಂಗ್ ನಿಂತಾಗ ಬಾಕಿ ಇದ್ದದ್ದು ಬರೀ ಎರಡು ಎಪಿಸೋಡ್. 15 ವರ್ಷ ಓಡಿಸಿ ಎರಡಕ್ಕೆ ನಿಲ್ಲಿಸೋದಾ! ಕಾದೆವು. ನವೆಂಬರ್ 5ಕ್ಕೆ ಅಣ್ಣ ತಮ್ಮಂದಿರ ಗೆಳೆಯ, ದೇವದೂತ ಕ್ಯಾಸ್ಟಿಯಲ್ ತನ್ನ ಮನಸ್ಸಿನಲ್ಲಿ ಇದ್ದದ್ದನ್ನು ಡೀನ್‌ಗೆ ಹೇಳಿ ಹೊರಟುಹೋದ ಎಪಿಸೋಡ್ ಬಂತು. ಅದು ಮುಗಿದ ಮೇಲೆ ಅಕ್ಕ ಎಷ್ಟೋ ಹೊತ್ತು ಮಾತೇ ಆಡಲಿಲ್ಲ, ಫೋನಿನಲ್ಲಿ ಬರೀ ಉಸಿರಾಟ ಕೇಳುತ್ತಿತ್ತು. ನವೆಂಬರ್ 19ಕ್ಕೆ ಕೊನೆಯದು.

ಅಕ್ಕ ನರ್ಸ್. ಆ ವರ್ಷ ಅವಳ ಡ್ಯೂಟಿ ಹೇಗಿತ್ತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಆ ವಾರ ಪೂರ್ತಿ ರಾತ್ರಿ ಪಾಳಿ. "ರಜೆ ಸಿಕ್ಕ ದಿನ ನೋಡೋಣ, ಅಲ್ಲಿವರೆಗೂ ಕಾಯ್ತೀಯಾ ತಾನೇ?" ಅಂದಳು. ಕಾಯ್ತೀನಿ ಅಂದೆ. ಯಾರಾದರೂ ಏನಾದರೂ ಬರೆದಿದ್ದು ಕಣ್ಣಿಗೆ ಬೀಳಬಾರದು ಅಂತ ಅವಳು ಫೋನಿನಲ್ಲಿದ್ದ ಆ್ಯಪ್‌ಗಳನ್ನೆಲ್ಲ ತೆಗೆದುಹಾಕಿದಳು.

ನಾನು ಎರಡು ರಾತ್ರಿ ತಡೆದೆ. ಮೂರನೇ ರಾತ್ರಿ ಸುಮ್ನೆ ಮೊದಲ ಐದು ನಿಮಿಷ ನೋಡೋಣ ಅಂತ ಹಾಕಿದೆ. ಅದು ಎಲ್ಲಿ ಹೋಗಿ ನಿಂತಿತು ಅಂತ ನಿಮಗೇ ಗೊತ್ತು.

ಈಗ ಕೇಳಿ, ನೋಡಿದ್ದು ನನ್ನ ತಪ್ಪಲ್ಲ. ಸರಿ, ಅದೂ ತಪ್ಪೇ, ಆದರೆ ಸಣ್ಣದು, ಒಂದು 'ಸಾರಿ' ಕೇಳಿದರೆ ಮುಗಿಯುವಂಥದ್ದು. ದೊಡ್ಡ ತಪ್ಪು ಆಗಿದ್ದು ಮಾರನೇ ಬೆಳಿಗ್ಗೆ. ಅಕ್ಕ ಡ್ಯೂಟಿ ಮುಗಿಸಿ ಮನೆಗೆ ಹೋಗುತ್ತಾ ಫೋನ್ ಮಾಡಿದಳು. ಏನೇನೋ ಮಾತಾಡಿ ಕೊನೆಗೆ ತಮಾಷೆಗೆ, "ನೋಡಿಲ್ಲ ತಾನೇ?" ಅಂದಳು. ನಾನು "ಛೆ, ಇಲ್ಲ" ಅಂದೆ. ಆ ಒಂದು 'ಇಲ್ಲ' ಇದೆಯಲ್ಲ, ಅದನ್ನು ನಾನು ಎಷ್ಟು ಸಲ ಮತ್ತೆ ಮತ್ತೆ ನೆನೆಸಿಕೊಂಡಿದ್ದೇನೋ. ಯಾಕೆ ಅಂದೆ? ಅವಳಿಗೆ ಸುಸ್ತಾಗಿದೆ, ಈಗ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾಳೆ, ನಿದ್ದೆ ಮಾಡಲ್ಲ, ಆಮೇಲೆ ಹೇಳಿದರಾಯಿತು ಅಂತ ಮನಸ್ಸಿಗೆ ನೆಪ ಹೇಳಿಕೊಂಡೆ. ಅದೆಲ್ಲ ಸುಳ್ಳು. ನಿಜ ಏನಂದ್ರೆ ನನಗೆ ನಾಚಿಕೆ ಆಯಿತು, ನಾಚಿಕೆ ಆದಾಗ ಬಾಯಿಗೆ ಮೊದಲು ಬರೋದು 'ಇಲ್ಲ' ಅನ್ನೋದೇ. ಅಷ್ಟಕ್ಕೇ ಬಿಟ್ಟಿದ್ದರೂ ನಡೆಯುತ್ತಿತ್ತೇನೋ. ಆದರೆ ನಾನು ಅದಕ್ಕೆ ಒಗ್ಗರಣೆ ಬೇರೆ ಹಾಕಿದೆ. "ನನಗೂ ಕಾಯೋಕಾಗ್ತಿಲ್ಲ, ಡೀನ್ ಬದುಕ್ತಾನೆ ಅನ್ಸುತ್ತೆ" ಅಂದೆ. ಕೇಳಿದ್ರಾ? ಅವನು ಸತ್ತದ್ದನ್ನು ನೋಡಿ ಐದು ಗಂಟೆ ಕೂಡ ಆಗಿರಲಿಲ್ಲ. 'ಇಲ್ಲ' ಅಂದದ್ದನ್ನು ಅವತ್ತೇ ಸಂಜೆ ವಾಪಸ್ ತಗೊಳ್ಳಬಹುದಿತ್ತು. ಈ ಒಗ್ಗರಣೆಯನ್ನು ಹೇಗೆ ವಾಪಸ್ ತಗೊಳ್ಳೋದು? ಅವಳು ಅದನ್ನು ನಂಬಿ ಖುಷಿಪಟ್ಟು, "ನನಗೂ ಹಾಗೇ ಅನ್ಸುತ್ತೆ ಕಣೋ" ಅಂದಿದ್ದಳು.

ಅವಳ ರಜೆ ಬರುವ ತನಕ "ನೋಡಿಬಿಟ್ಟೆ, ಸಾರಿ" ಅಂತ ಟೈಪ್ ಮಾಡಿ ಅಳಿಸಿದ್ದು ಎಷ್ಟು ಸಲವೋ. ಸಾಯುವ ದೃಶ್ಯದಲ್ಲಿ ಡೀನ್ ಹೇಳುತ್ತಾನಲ್ಲ, ಮೊದಲ ಎಪಿಸೋಡಿನ ರಾತ್ರಿ ಸ್ಯಾಮ್‌ನ ಕರೆಯೋಕೆ ಬಂದಾಗ ಅವನು ಏನಂತಾನೋ ಅಂತ ಹೆದರಿ ಗಂಟೆಗಟ್ಟಲೆ ಬಾಗಿಲ ಹೊರಗೆ ನಿಂತಿದ್ದೆ ಅಂತ. ಅವನು ಕೊನೆಗೂ ಒಳಗೆ ಹೋದ. ನಾನು ಹೋಗಲಿಲ್ಲ.

ಬದಲಿಗೆ ತಯಾರಿ ಮಾಡಿಕೊಂಡೆ. ಹೌದು, ನಿಮ್ಮ ಹಾಗೇ. ಕೊಟ್ಟಿಗೆಯಲ್ಲಿ ವ್ಯಾಂಪೈರ್‌ಗಳ ಜೊತೆ ಹೊಡೆದಾಟ, ಡೀನ್ ಬೆನ್ನಿಗೆ ಕಬ್ಬಿಣದ ಸರಳು ಚುಚ್ಚಿಕೊಳ್ಳೋದು, ಅಲ್ಲಿ "ಅಯ್ಯೋ" ಅನ್ನಬೇಕು. ಮೊದಲು ನಂಬದವರ ಹಾಗೆ, ಆಮೇಲೆ ಜೋರಾಗಿ. ಎಲ್ಲಾ ಲೆಕ್ಕ ಹಾಕಿದ್ದೆ. ಕೊಟ್ಟಿಗೆಗೆ ಎಷ್ಟು ತಯಾರಾಗಿದ್ದೆ ಅಂದ್ರೆ ಅದಕ್ಕಿಂತ ಮೊದಲು ಬರೋದನ್ನು ಮರೆತೇಬಿಟ್ಟಿದ್ದೆ.

ಮೊದಲು ಬರೋದು ಪೈ, ಅಂದ್ರೆ ಒಳಗೆ ಹಣ್ಣು ತುಂಬಿ ಬೇಯಿಸುವ ಸಿಹಿತಿಂಡಿ. ಡೀನ್‌ಗೆ ಪೈ ಅಂದ್ರೆ ಪ್ರಾಣ, ಎಷ್ಟೋ ಸಲ ಅದು ಅವನ ಕೈಗೆ ಬಂದೂ ಬಾಯಿಗೆ ಬಂದಿಲ್ಲ. ಕೊನೆಯ ಎಪಿಸೋಡಿನಲ್ಲಿ ಅವನು ಒಂದು ಪೈ ಮೇಳಕ್ಕೇ ಹೋಗುತ್ತಾನೆ, ಕೈತುಂಬ ಪೈ ಹಿಡಿದುಕೊಂಡು ಕೂರುತ್ತಾನೆ, ಮುಖ ಸಪ್ಪಗೆ ಮಾಡಿಕೊಂಡಿದ್ದ ಸ್ಯಾಮ್ ಒಂದನ್ನು ಎತ್ತಿ ಅವನ ಮುಖಕ್ಕೇ ಮೆತ್ತುತ್ತಾನೆ. ಮೊದಲ ಸಲ ನೋಡುವವರಿಗೆ ಅದು ನಗುವ ಜಾಗ. ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನಗೆ ಮಾತ್ರ ಇನ್ನು ಸ್ವಲ್ಪ ಹೊತ್ತಿಗೆ ಇವನು ಇರಲ್ಲ ಅನ್ನೋದು ಬಿಟ್ಟರೆ ಬೇರೇನೂ ಕಾಣಲಿಲ್ಲ. ಅಳು ಬಂದೇಬಿಟ್ಟಿತು. ಸದ್ದಿಲ್ಲದ ಅಳು ಆಗಿದ್ದರೆ ಸರಿ, ಮೂಗು ಸುರಿಯುವ ಅಳು, ಸ್ಪೀಕರಿನಲ್ಲಿ ಚೆನ್ನಾಗಿ ಕೇಳುವಂಥದ್ದು.

ಆ ಕಡೆ ನಗು ನಿಂತಿತು. ಅಕ್ಕ ಎಪಿಸೋಡ್ ನಿಲ್ಲಿಸಿದಳು.

"ಏನಾಯ್ತೋ?"

"ಏನಿಲ್ಲ, ಶೀತ."

ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಡೀನ್ ಸಾಯ್ತಾನಾ?"

ಏನಂತ ಹೇಳೋದು? ಹೌದು ಅಂದರೂ ಕೆಟ್ಟೆ, ಇಲ್ಲ ಅಂದರೆ ಇನ್ನೊಂದು ಸುಳ್ಳು. ಸುಮ್ಮನಿದ್ದೆ. ಆ ಸುಮ್ಮನಿದ್ದದ್ದೇ ಉತ್ತರ ಆಗಿಹೋಯಿತು. ಅವಳು ಬೈಯಲಿಲ್ಲ. "ಸರಿ, ಉಳಿದಿದ್ದು ನಾನು ಆಮೇಲೆ ನೋಡ್ಕೋತೀನಿ" ಅಂತ ಫೋನ್ ಇಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಮೇಲೆ ಅವಳೊಬ್ಬಳೇ ನೋಡಿದಳಂತೆ. ಅದರ ಬಗ್ಗೆ ಇವತ್ತಿನ ತನಕ ಇಬ್ಬರೂ ಮಾತಾಡಿಲ್ಲ. 326 ಎಪಿಸೋಡಿನಲ್ಲಿ ಅವಳು ಎಲ್ಲಿ ನಕ್ಕಳು, ಯಾರಿಗೆ ಬೈದಳು, ಎಲ್ಲಿ ಕಣ್ಣು ಮುಚ್ಚಿಕೊಂಡು "ಹೋಯ್ತಾ, ಹೋಯ್ತಾ?" ಅಂತ ಕೇಳಿದಳು, ಎಲ್ಲಾ ನೆನಪಿದೆ ನನಗೆ. 327ನೆಯದರಲ್ಲಿ ಪೈ ತನಕ ಮಾತ್ರ ಗೊತ್ತು.

ತಮಾಷೆ ಅಂದ್ರೆ ಸರಣಿಯೇ ಇದನ್ನು ನಮಗೆ ಮೊದಲೇ ತೋರಿಸಿತ್ತು. ಮೂರನೇ ಸೀಸನ್ನಿನ 'ಮಿಸ್ಟರಿ ಸ್ಪಾಟ್' ನೆನಪಿದೆಯಾ, 2008ರದ್ದು? ಅದೇ ಮಂಗಳವಾರ ಮತ್ತೆ ಮತ್ತೆ ಬರುತ್ತೆ, ಡೀನ್ ದಿನಕ್ಕೊಂದು ಥರ ಸಾಯುತ್ತಾನೆ, ಸ್ಯಾಮ್‌ಗೆ ಮಾತ್ರ ಎಲ್ಲಾ ನೆನಪಿರುತ್ತೆ. ನಾವಿಬ್ಬರೂ ಬಿದ್ದು ಬಿದ್ದು ನಕ್ಕ ಎಪಿಸೋಡ್ ಅದು. ಮುಂದೆ ಆಗೋದು ಗೊತ್ತಿರುವ ಸ್ಯಾಮ್ ಮುಖ ನೋಡಿ, ಏನೂ ಗೊತ್ತಿಲ್ಲದ ಡೀನ್ ಮುಖ ನೋಡಿ. ಒಂದೇ ಟೇಬಲ್‌ನಲ್ಲಿ ಕೂತಿದ್ದರೂ ಇಬ್ಬರೂ ಬೇರೆ ಬೇರೆ ದಿನದಲ್ಲಿ ಇರುತ್ತಾರೆ. ನೂರು ಮಂಗಳವಾರ ಅಭ್ಯಾಸ ಆದವನಿಗೇ ಮುಚ್ಚಿಡೋಕೆ ಆಗಲಿಲ್ಲ, ಅವನು ಅಣ್ಣನಿಗೆ ಹೇಳಿಯೇ ಹೇಳುತ್ತಾನೆ. ನೀವು ಒಂದು ಸಲ ನೋಡಿ ನಟಿಸೋಕೆ ಹೊರಟಿದ್ದೀರಿ.

ಇನ್ನು ನೀವು ಕೊಟ್ಟ ಎರಡು ದಾರಿ: ನಟಿಸೋದು, ಇಲ್ಲಾ ನೋಡಿ ಮುಗಿಸಿದ ಮೇಲೆ ಹೇಳೋದು. ನನಗೆ ಎರಡೂ ಒಂದೇ. ಎರಡರಲ್ಲೂ ಎಪಿಸೋಡ್ ಓಡುವಷ್ಟು ಹೊತ್ತು ನೀವು ಅವನ ಜೊತೆ ಇರಲ್ಲ, ನಿಮ್ಮ ಮುಖ ಕಾಯುತ್ತಾ ಕೂತಿರುತ್ತೀರಿ. ಮತ್ತೆ, 'ನಾನು ಮೊದಲೇ ನೋಡಿದ್ದು ಗೊತ್ತಾದರೆ ಅವನಿಗೆ ಮಜಾ ಹೋಗುತ್ತೆ' ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪಲ್ಲ. ಮಜಾ ಯಾಕೆ ಹೋಗಬೇಕು? ಕಥೆ ಗೊತ್ತಿರುವವರ ಪಕ್ಕ ಕೂತು ನೋಡೋದು ಬೇರೆಯೇ ಖುಷಿ. ಬಾಯಿ ಬಿಡಬಾರದು ಅಷ್ಟೇ. "ಈಗ ನೋಡು, ಈಗ ನೋಡು" ಅನ್ನಬಾರದು. "ಕರ್ಚೀಫ್ ಇಟ್ಕೋ" ಅನ್ನೋದು ಕೂಡ ಬೇಡ, ಅದೂ ಹೇಳಿದ ಹಾಗೇ.

ಒಂದು ಅಡ್ಡಮಾತು. ಈ ಕೊನೆ ಕೆಟ್ಟದಾಗಿದೆ, ಹಾಗಾಗಿ ಯಾವಾಗ ನೋಡಿದರೇನು ಅಂತ ಹೇಳುವ ಅಭಿಮಾನಿಗಳು ಬೇಕಾದಷ್ಟು ಸಿಗುತ್ತಾರೆ. ಹಿಂದಿನ ಎಪಿಸೋಡಿಗೇ ಕಥೆ ಮುಗಿಯಿತು ಅಂದುಕೊಳ್ಳಿ ಅನ್ನುತ್ತಾರೆ. ದೇವರನ್ನೇ ಸೋಲಿಸಿದವನು ಒಂದು ಸರಳಿಗೆ ಸಾಯೋದಾ ಅಂತ ಅವರ ಸಿಟ್ಟು. ನನಗೆ ಆ ಸಾವು ಇಷ್ಟ ಆಯಿತು. ದಿನನಿತ್ಯದ ಬೇಟೆಗೆ ಹೋದವನು ವಾಪಸ್ ಬರಲಿಲ್ಲ, ಅವನ ಕೆಲಸ ಇದ್ದದ್ದೇ ಹಾಗೆ. ಕ್ಯಾಸ್ಟಿಯಲ್‌ನ ಹೆಸರು ಮಾತಿನಲ್ಲಿ ಬಂತೇ ಹೊರತು ಅವನು ಬರಲಿಲ್ಲ ಅನ್ನೋದು ನನಗೂ ಚುಚ್ಚಿತು. ಆದರೆ ಕೊನೆಗೆ ಸ್ವರ್ಗದ ಆ ಸೇತುವೆ ಮೇಲೆ ಅಣ್ಣ ತಮ್ಮ ನಿಂತಾಗ... ಹೋಗಲಿ ಬಿಡಿ, ನೀವು ನೋಡಿದ್ದೀರಿ.

ನಿಮ್ಮ ತಮ್ಮ ಇನ್ನೂ "ನೋಡಿದ್ಯಾ?" ಅಂತ ಕೇಳಿಲ್ಲ ಅಂತ ಬರೆದಿದ್ದೀರಿ. ಕೇಳೋ ತನಕ ಕಾಯಬೇಡಿ. ಕೇಳಿದ ಕ್ಷಣ ಬಾಯಿಗೆ ಏನು ಬರುತ್ತೆ ಅಂತ ನನಗೆ ಗೊತ್ತು. ಇವತ್ತೇ ಮೆಸೇಜ್ ಹಾಕಿ, ಉದ್ದ ಬೇಡ: "ತಡೆಯೋಕಾಗಲಿಲ್ಲ, ನೋಡಿಬಿಟ್ಟೆ, ನಿನ್ನ ಜೊತೆ ಇನ್ನೊಂದು ಸಲ ನೋಡ್ತೀನಿ." ಅವನು ಎರಡು ದಿನ ಮಾತು ಬಿಟ್ಟರೆ ಬಿಡಲಿ.

ಆಮೇಲೆ ಏನು ಬೇಕಾದರೂ ಮಾತಾಡಿಕೊಳ್ಳಿ, ವಯಸ್ಸಾದ ಸ್ಯಾಮ್‌ನ ಆ ವಿಗ್ ಬಗ್ಗೆ ಮಾತ್ರ ಮೊದಲೇ ಹೇಳಬೇಡಿ. ಅದನ್ನು ಅವನೇ ನೋಡಲಿ. ಆಗ ಅವನು ಏನಂದ ಅಂತ ಬಂದು ಇಲ್ಲಿ ಬರೆಯಿರಿ, ನಮ್ಮ ಅಕ್ಕ ಏನಂದಳೋ ನನಗಂತೂ ಗೊತ್ತಾಗಲಿಲ್ಲ.